ಒಬ್ಬನೇ ಮಗನ ಮನೆತನ

ಇಥಾಕಾ ದ್ವೀಪದಲ್ಲಿ ಹಂದಿ ಕಾಯುವ ಯುಮೇಯಸನ ಗುಡಿಸಲು. ಒಳಗೆ ಒಬ್ಬ ಮುದಿ ಭಿಕ್ಷುಕ, ಎದುರಿಗೆ ಆ ನಾಡಿನ ರಾಜಕುಮಾರ ಟೆಲಿಮ್ಯಾಕಸ್. ಅರಮನೆಯ ದಾಂಧಲೆಯ ಸುದ್ದಿ ಕೇಳಿಸಿಕೊಂಡ ಭಿಕ್ಷುಕ ಹುಡುಗನನ್ನು ವಿಚಾರಿಸುತ್ತಾನೆ: ನೀನಾಗಿಯೇ ಇದಕ್ಕೆಲ್ಲ ತಲೆಬಾಗಿದ್ದೀಯೋ, ಊರವರಿಗೆ ನಿನ್ನನ್ನು ಕಂಡರಾಗದೋ, ಇಲ್ಲ ಜಗಳ ಬಂದಾಗ ಒದಗಬೇಕಾದ ಅಣ್ಣತಮ್ಮಂದಿರೇ ಕೈಬಿಟ್ಟರೋ? ಟೆಲಿಮ್ಯಾಕಸ್ ಹೇಳುತ್ತಾನೆ: ಊರವರ ಮೇಲೆ ದೂರಿಲ್ಲ, ಅಣ್ಣತಮ್ಮಂದಿರ ಮೇಲೂ ಇಲ್ಲ. ನಮ್ಮ ವಂಶವನ್ನು ದೇವರಾಜ ಸ್ಯೂಸ್ ಒಂಟಿ ಎಳೆಯಲ್ಲೇ ನಡೆಸಿಕೊಂಡು ಬಂದಿದ್ದಾನೆ. ಆರ್ಸೀಸಿಯಸನಿಗೆ ಲೆಯರ್ಟಿಸ್ ಒಬ್ಬನೇ ಮಗ, ಲೆಯರ್ಟಿಸನಿಗೆ ಒಡಿಸ್ಯೂಸ್ ಒಬ್ಬನೇ, ಒಡಿಸ್ಯೂಸನಿಗೆ ನಾನೊಬ್ಬನೇ. ನನ್ನಿಂದ ಅವನಿಗೆ ಒಂದು ಸುಖವೂ ಸಿಗಲಿಲ್ಲ, ಬಿಟ್ಟು ಹೋದ.

ಕೇಳಿದ ಭಿಕ್ಷುಕನೇ ಒಡಿಸ್ಯೂಸ್. ನಿನಗೆ ಅಣ್ಣತಮ್ಮಂದಿರಿಲ್ಲವೇ ಎಂದು ಕೇಳುತ್ತಿರುವವನು ಅಪ್ಪನೇ; ಉತ್ತರ ಅವನಿಗಿಂತ ಚೆನ್ನಾಗಿ ಗೊತ್ತಿರುವವರು ಬೇರೆ ಯಾರೂ ಇಲ್ಲ. ಇದು ಗ್ರೀಕ್ ಕವಿ ಹೋಮರನ ಒಡಿಸ್ಸಿ ಕಾವ್ಯದ 16ನೇ ಭಾಗದಲ್ಲಿ ಬರುತ್ತದೆ.

ಒಡಿಸ್ಸಿ ಎಂದರೆ ಒಂಟಿಕಣ್ಣಿನ ರಾಕ್ಷಸ, ಮಾಟಗಾತಿ, ಹಾಡಿ ಕೊಲ್ಲುವ ಸೈರನ್‌ಗಳು ಎಂದೇ ಹೆಚ್ಚಿನವರ ನೆನಪು. ಆ ಸಾಹಸಗಳೆಲ್ಲ ಮುಗಿಯುವುದು ಬಹುಮಟ್ಟಿಗೆ 9ರಿಂದ 12ರವರೆಗಿನ ನಾಲ್ಕು ಭಾಗಗಳಲ್ಲಿ. ಕಾವ್ಯದಲ್ಲಿರುವುದು 24 ಭಾಗ. ಉಳಿದದ್ದರಲ್ಲಿ ಬಹುಪಾಲು ಒಂದು ಮನೆಯ ಕತೆ: ತಲೆಮಾರಿಗೆ ಒಬ್ಬನೇ ಗಂಡುಮಗ ಇರುವ ಮನೆಯಿಂದ ಯಜಮಾನ ಟ್ರಾಯ್ ಯುದ್ಧ, ಆಮೇಲಿನ ಅಲೆದಾಟ ಎಂದು ಇಪ್ಪತ್ತು ವರ್ಷ ಹೊರಗಿದ್ದರೆ ಏನೇನಾಗುತ್ತದೆ ಎಂಬ ಕತೆ. ಬಿಲ್ಲು, ಮಗ್ಗ, ಮಂಚ, ತೋಟ, ಏನನ್ನು ಮುಟ್ಟಿದರೂ ಅದರ ಬುಡದಲ್ಲಿ ಈ ಒಂಟಿ ಎಳೆ ಸಿಗುತ್ತದೆ. ಒಡಿಸ್ಯೂಸನ ಬದುಕಿಗೆ ಇದಕ್ಕಿಂತ ಒಳ್ಳೆಯ ದಾರಿ ಕಾಣುವುದಿಲ್ಲ.

ಆ ಕಾಲದ ಬೇರೆ ದೊಡ್ಡ ಮನೆಗಳ ಪಕ್ಕಕ್ಕೆ ಇಟ್ಟು ನೋಡಬೇಕು. ಟ್ರಾಯ್ ಮೇಲೆ ದಂಡೆತ್ತಿದ ಗ್ರೀಕರ ನಾಯಕ ಆಗಮೆಮ್ನನ್‌ಗೆ ಮೆನೆಲಾಸನಂಥ ತಮ್ಮನಿದ್ದ. ಟ್ರಾಯ್‌ನ ಮುದಿದೊರೆ ಪ್ರಿಯಮನಿಗೆ 50 ಗಂಡುಮಕ್ಕಳು. ಪೈಲಾಸ್‌ನ ನೆಸ್ಟರನ ಮನೆಗೆ ಟೆಲಿಮ್ಯಾಕಸ್ ಅಪ್ಪನ ಸುದ್ದಿ ಹುಡುಕಿಕೊಂಡು ಹೋದಾಗ ಅಲ್ಲಿ ಬಲಿಪೂಜೆ ನಡೆಯುತ್ತದೆ. ಇಬ್ಬರು ಮಕ್ಕಳು ಕಡಸಿನ ಕೊಂಬು ಹಿಡಿದು ತರುತ್ತಾರೆ, ಒಬ್ಬ ಕೈತೊಳೆಯುವ ನೀರು ಮತ್ತು ಬಾರ್ಲಿಯ ಬುಟ್ಟಿ ತರುತ್ತಾನೆ, ಒಬ್ಬ ಕೊಡಲಿ ಎತ್ತುತ್ತಾನೆ, ಒಬ್ಬ ನೆತ್ತರಿಗೆ ಬೋಗುಣಿ ಒಡ್ಡುತ್ತಾನೆ, ಕೊನೆಯವನು ಕತ್ತು ಕೊಯ್ಯುತ್ತಾನೆ. ಆರು ಮಂದಿ, ಆರಕ್ಕೂ ಕೆಲಸ. ಒಬ್ಬೊಬ್ಬರ ಹೆಸರನ್ನೂ ಹೋಮರ್ ಬಿಡದೆ ಹೇಳುತ್ತಾನೆ. ಇದನ್ನೆಲ್ಲ ನೋಡುತ್ತ ಕೂತ ಅತಿಥಿ ಒಡಹುಟ್ಟಿದವರೇ ಇಲ್ಲದ ಹುಡುಗ ಎಂಬುದನ್ನು ಕವಿ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ.

ಒಡಿಸ್ಯೂಸನಿಗೆ ತಂಗಿಯೊಬ್ಬಳಿದ್ದಳು, ಕ್ಟಿಮೆನಿ. ಅವಳನ್ನು ಪಕ್ಕದ ಸಾಮಿ ದ್ವೀಪಕ್ಕೆ ಮದುವೆ ಮಾಡಿ ಕೊಟ್ಟರು. ತಂದೆಯ ಕಡೆ ಚಿಕ್ಕಪ್ಪ, ದೊಡ್ಡಪ್ಪ ಯಾರೂ ಇಲ್ಲ. ಆ ಕೊರತೆಯನ್ನು ತುಂಬಿದ್ದು ತಾಯಿಯ ತವರು. ತಾಯಿ ಆಂಟಿಕ್ಲಿಯಾಳ ಅಪ್ಪ ಆಟೊಲೈಕಸ್, ಹರ್ಮಿಸ್ ದೇವರ ಮಗ. ಕಳವಿನಲ್ಲೂ ಮಾತನ್ನು ತಿರುಚಿ ಆಣೆ ಹಾಕುವುದರಲ್ಲೂ ಅವನನ್ನು ಮೀರಿಸಿದವರಿಲ್ಲ ಎಂದು ಹೆಸರಾದವನು. ಮೊಮ್ಮಗ ಹುಟ್ಟಿದಾಗ ಅವನು ಇಥಾಕಾಕ್ಕೆ ಬಂದ. ಊಟ ಮುಗಿಯುವ ಹೊತ್ತಿಗೆ ದಾದಿ ಯೂರಿಕ್ಲಿಯಾ ಕೂಸನ್ನು ಅವನ ತೊಡೆಯ ಮೇಲಿಟ್ಟು ಹೆಸರು ಕೇಳಿದಳು. ಬಹಳ ಜನರ ಮೇಲಿನ ಸಿಟ್ಟು ಹೊತ್ತು ಬಂದಿದ್ದೇನೆ, ಆ ಸಿಟ್ಟಿನ ಹೆಸರೇ ಇರಲಿ ಎಂದು ಅಜ್ಜ ಒಡಿಸ್ಯೂಸ್ ಎಂದು ಕರೆದ. ಪ್ರಾಯಕ್ಕೆ ಬಂದ ಮೇಲೆ ಪಾರ್ನಸಸ್ ಬೆಟ್ಟದ ತಪ್ಪಲಿನ ನನ್ನ ಮನೆಗೆ ಕಳಿಸಿ, ಬರಿಗೈಯಲ್ಲಿ ವಾಪಸು ಕಳಿಸುವುದಿಲ್ಲ ಎಂದೂ ಮಾತು ಕೊಟ್ಟ.

ಹುಡುಗ ಹೋದ. ಸೋದರಮಾವಂದಿರ ಜೊತೆ ಬೇಟೆಗೆ ಹೊರಟಾಗ ದಟ್ಟ ಪೊದೆಯಿಂದ ಕಾಡುಹಂದಿ ನುಗ್ಗಿತು. ಎಲ್ಲರಿಗಿಂತ ಮುಂದೆ ಓಡಿದ್ದವನು ಇವನೇ. ಹಂದಿ ಅಡ್ಡಲಾಗಿ ಹಾಯ್ದು ಮೊಣಕಾಲಿನ ಮೇಲೆ ಕೋರೆಯಿಂದ ಮಾಂಸ ಸೀಳಿತು, ಎಲುಬು ಉಳಿಯಿತು. ಅಷ್ಟರಲ್ಲೇ ಇವನ ಈಟಿ ಅದರ ಬಲಭುಜವನ್ನು ಹೊಕ್ಕಿತ್ತು. ಮಾವಂದಿರು ಗಾಯ ಕಟ್ಟಿ, ಮಂತ್ರ ಹೇಳಿ ನೆತ್ತರು ನಿಲ್ಲಿಸಿದರು. ಆ ಕಲೆ ಮುಂದೆ ಅವನ ಗುರುತುಚೀಟಿಯಾಯಿತು. ತಾಯಿಯ ಕಡೆಯವರು ಅವನಿಗೆ ಕೊಟ್ಟದ್ದು ಹೆಸರು, ಕಲೆ ಮತ್ತು ಜಾಣತನ. ಈ ಮೂರೂ ಇಲ್ಲದೆ ಅವನು ಮನೆಗೆ ಮರಳುತ್ತಲೇ ಇರಲಿಲ್ಲ.

ಒಂದು ಕೆಟ್ಟ ಮಾತೂ ಈ ತವರಿಗೆ ಅಂಟಿಕೊಂಡಿದೆ. ಆಂಟಿಕ್ಲಿಯಾ ಮದುವೆಗೆ ಮೊದಲೇ ಮೋಸಕ್ಕೆ ಹೆಸರಾದ ಸಿಸಿಫಸನಿಂದ ಗರ್ಭಿಣಿಯಾಗಿದ್ದಳು, ಒಡಿಸ್ಯೂಸ್ ಲೆಯರ್ಟಿಸನ ಮಗನೇ ಅಲ್ಲ ಎಂಬ ನಿಂದೆ. ಹೋಮರನಲ್ಲಿ ಇದರ ಸುಳಿವಿಲ್ಲ. ಸೊಫೊಕ್ಲಿಸನ ನಾಟಕಗಳಲ್ಲಿ ಶತ್ರುಗಳು ಬೈಗುಳವಾಗಿ ಬಳಸುತ್ತಾರೆ. ಒಬ್ಬನೇ ಮಗನಿರುವ ಮನೆಗೆ ಇದಕ್ಕಿಂತ ಕ್ರೂರವಾದ ಬೈಗುಳ ಹುಡುಕಲಾಗದು.

ಮದುವೆಯ ಕತೆ ಅಪೊಲೊಡೊರಸನ ಹೆಸರಿನ ಪುರಾಣಸಂಗ್ರಹದಲ್ಲಿ ಹೀಗಿದೆ. ಹೆಲೆನಳ ಕೈಹಿಡಿಯಲು ಗ್ರೀಸಿನ ರಾಜರೆಲ್ಲ ಸ್ಪಾರ್ಟಾಕ್ಕೆ ಬಂದು ಕೂತಾಗ ಅವಳ ತಂದೆ ಟಿಂಡೇರಿಯಸ್‌ಗೆ ದಿಗಿಲು: ಒಬ್ಬನನ್ನು ಆರಿಸಿದರೆ ಉಳಿದವರು ತಿರುಗಿಬೀಳುತ್ತಾರೆ. ಆರಿಸುವ ಮೊದಲೇ ಎಲ್ಲರಿಂದಲೂ ಆಣೆ ತೆಗೆದುಕೋ, ಗಂಡನಾದವನಿಗೆ ಯಾರು ಅನ್ಯಾಯ ಮಾಡಿದರೂ ಉಳಿದವರು ಅವನ ಪರ ನಿಲ್ಲಬೇಕು ಎಂದು ಒಡಿಸ್ಯೂಸ್ ಉಪಾಯ ಹೇಳಿದ. ಪ್ರತಿಫಲವಾಗಿ ಟಿಂಡೇರಿಯಸ್ ತನ್ನ ತಮ್ಮ ಇಕೇರಿಯಸನ ಮಗಳು ಪೆನೆಲೊಪಿಯನ್ನು ಅವನಿಗೆ ಕೊಡಿಸಿದ. ಮುಂದೆ ಟ್ರಾಯ್‌ನ ರಾಜಕುಮಾರ ಪ್ಯಾರಿಸ್ ಹೆಲೆನಳನ್ನು ಕರೆದೊಯ್ದಾಗ ಅದೇ ಆಣೆ ಎಲ್ಲರನ್ನೂ ಯುದ್ಧಕ್ಕೆ ಎಳೆಯಿತು. ತನ್ನ ಸಂಸಾರ ಕಟ್ಟಿಕೊಟ್ಟ ಉಪಾಯವೇ ಅದನ್ನು ಇಪ್ಪತ್ತು ವರ್ಷ ಒಡೆಯಿತು.

ಪೆನೆಲೊಪಿಯ ತಂದೆಯ ಬಗ್ಗೆ ಪೌಸೇನಿಯಸ್ ಎಂಬ ಪ್ರವಾಸಿ ಒಂದು ಸ್ಥಳಕತೆ ದಾಖಲಿಸಿದ್ದಾನೆ. ಅಳಿಯ ಸ್ಪಾರ್ಟಾದಲ್ಲೇ ಉಳಿಯಲಿ ಎಂದು ಇಕೇರಿಯಸ್ ಬೇಡಿಕೊಂಡ. ಒಪ್ಪದಿದ್ದಾಗ ಮಗಳನ್ನು ಬೇಡುತ್ತ ರಥದ ಹಿಂದೆಯೇ ಹೋದ. ಒಡಿಸ್ಯೂಸ್ ತಾಳುವಷ್ಟು ತಾಳಿ, ಇಷ್ಟವಿದ್ದರೆ ನನ್ನೊಡನೆ ಬಾ, ಇಲ್ಲವಾದರೆ ಅಪ್ಪನ ಜೊತೆ ವಾಪಸು ಹೋಗು ಎಂದ. ಪೆನೆಲೊಪಿ ಮಾತಾಡಲಿಲ್ಲ, ಮುಖಕ್ಕೆ ಸೆರಗೆಳೆದುಕೊಂಡಳು. ತಂದೆಗೆ ಅರ್ಥವಾಯಿತು. ಆ ಜಾಗದಲ್ಲಿ ಅವನು ಲಜ್ಜೆಯ ದೇವತೆಯ ವಿಗ್ರಹ ನಿಲ್ಲಿಸಿದನಂತೆ.

ಯುದ್ಧದ ಕರೆ ಬಂದಾಗ ಟೆಲಿಮ್ಯಾಕಸ್ ಇನ್ನೂ ಕೈಗೂಸು. ಒಡಿಸ್ಯೂಸ್ ಹುಚ್ಚನಂತೆ ನಟಿಸಿದ; ಹೈಜಿನಸನ ಲ್ಯಾಟಿನ್ ಪಾಠದಲ್ಲಿ ಕುದುರೆಗೂ ಎತ್ತಿಗೂ ಒಂದೇ ನೊಗ ಹೂಡಿ ಉಳುತ್ತಾನೆ. ಹೆಜ್ಜೆಯ ಅಳತೆ ಬೇರೆ, ಎತ್ತರ ಬೇರೆ, ಸಾಲು ನೆಟ್ಟಗೆ ಹೋಗುವ ಮಾತೇ ಇಲ್ಲ. ಆ ಕಾಲದ ಯಾವ ರೈತ ನೋಡಿದರೂ ಇವನಿಗೆ ತಲೆ ಕೆಟ್ಟಿದೆ ಎನ್ನಲೇಬೇಕು. ಕರೆಯಲು ಬಂದವರಲ್ಲಿ ಪಲಮಿಡೀಸ್ ಒಬ್ಬ ಮೋಸಹೋಗಲಿಲ್ಲ. ತೊಟ್ಟಿಲಿನ ಮಗುವನ್ನು ತಂದು ನೇಗಿಲಿನ ಮುಂದೆ ಮಲಗಿಸಿದ. ಒಡಿಸ್ಯೂಸ್ ನೇಗಿಲು ನಿಲ್ಲಿಸಿದ, ಸುಳ್ಳು ಬಯಲಾಯಿತು. ಇನ್ನೂ ನಾಲ್ಕು ಮಕ್ಕಳಿದ್ದ ತಂದೆಯೂ ನಿಲ್ಲಿಸುತ್ತಿದ್ದ, ನಿಜ. ಆದರೆ ಈ ನೇಗಿಲ ಮುಂದೆ ಮಲಗಿದ್ದು ಆರ್ಸೀಸಿಯಸನಿಂದ ಬಂದ ವಂಶವಿಡೀ. ಮುಂದೆ ಟ್ರಾಯ್‌ನ ಪಾಳೆಯದಲ್ಲಿ ಒಡಿಸ್ಯೂಸ್ ಸುಳ್ಳು ಪತ್ರ ಸೃಷ್ಟಿಸಿ, ಚಿನ್ನ ಹೂತಿಟ್ಟು ಪಲಮಿಡೀಸನ ಮೇಲೆ ದ್ರೋಹದ ಆರೋಪ ಹೊರಿಸಿದ. ಅವನನ್ನು ಕಲ್ಲೆಸೆದು ಕೊಂದರು. ಒಡಿಸ್ಯೂಸನ ಬಾಳಿನಲ್ಲಿ ಇದಕ್ಕಿಂತ ಹೀನವಾದ ಕೆಲಸ ಇನ್ನೊಂದಿಲ್ಲ, ಅದನ್ನು ಮುಚ್ಚಿ ಅವನನ್ನು ಹೊಗಳುವುದು ಸರಿಯಲ್ಲ.

ಟ್ರಾಯ್ ಯುದ್ಧದ ಬಗ್ಗೆ ಹೋಮರನ ಇನ್ನೊಂದು ಕಾವ್ಯವಾದ ಇಲಿಯಡ್‌ನಲ್ಲಿ ಅವನು 12 ಹಡಗುಗಳ ಒಡೆಯ. ಉಳಿದ ವೀರರು ತಂದೆಯ ಹೆಸರು ಹೇಳಿ ಬೀಗುತ್ತಾರೆ. ಒಡಿಸ್ಯೂಸ್ ಎರಡು ಕಡೆ ತನ್ನನ್ನು ‘ಟೆಲಿಮ್ಯಾಕಸನ ಅಪ್ಪ’ ಎಂದು ಕರೆದುಕೊಳ್ಳುತ್ತಾನೆ. ಆ ಹೊತ್ತಿಗೆ ಮಗನನ್ನು ನೋಡಿ ಒಂಬತ್ತು ವರ್ಷ ದಾಟಿತ್ತು.

ಹೊರಡುವಾಗ ಹೆಂಡತಿಯ ಬಲಗೈ ಮಣಿಕಟ್ಟು ಹಿಡಿದು ಅವನು ಹೇಳಿದ್ದನ್ನು ಪೆನೆಲೊಪಿ 18ನೇ ಭಾಗದಲ್ಲಿ ನೆನೆಯುತ್ತಾಳೆ: ಮರಳುತ್ತೇನೋ ಇಲ್ಲವೋ ಗೊತ್ತಿಲ್ಲ, ಅಪ್ಪ ಅಮ್ಮನನ್ನು ಈಗ ನೋಡಿಕೊಳ್ಳುವಂತೆಯೇ ನೋಡಿಕೋ, ಇನ್ನೂ ಹೆಚ್ಚಾಗಿ ನೋಡಿಕೋ, ಮಗನಿಗೆ ಗಡ್ಡ ಮೂಡಿದ್ದು ಕಂಡಾಗ ನಿನಗಿಷ್ಟವಾದವನನ್ನು ಮದುವೆಯಾಗಿ ಮನೆ ಬಿಟ್ಟು ಹೋಗು. ಕಾವ್ಯದ ಗಡಿಯಾರವೇ ಈ ಮಾತು. ಈಗ ಟೆಲಿಮ್ಯಾಕಸನಿಗೆ ಇಪ್ಪತ್ತರ ಆಸುಪಾಸು. ಗಡ್ಡ ಬಂದಿದೆ. ಗಂಡ ಕೊಟ್ಟ ವಾಯಿದೆ ಮುಗಿದಿದೆ. ಅವಳ ಕೈಹಿಡಿಯಲು ಬಂದು ಅರಮನೆಯಲ್ಲಿ ಬೀಡುಬಿಟ್ಟ ಉಮೇದುವಾರರ ಅವಸರಕ್ಕೆ, ಪೆನೆಲೊಪಿಯ ತಳಮಳಕ್ಕೆ ಅರ್ಥ ಸಿಗುವುದು ಇಲ್ಲಿಂದ.

ಉಮೇದುವಾರರ ಲೆಕ್ಕವನ್ನು ಟೆಲಿಮ್ಯಾಕಸನೇ ಅಪ್ಪನಿಗೆ ಒಪ್ಪಿಸುತ್ತಾನೆ: ಡುಲಿಕಿಯಮ್‌ನಿಂದ 52, ಸಾಮಿಯಿಂದ 24, ಜಕಿಂಥಸ್‌ನಿಂದ 20, ಇಥಾಕಾದವರೇ 12. ಒಟ್ಟು 108. ಇವರೆಲ್ಲ ದಿನವೂ ಬಂದು ಉಣ್ಣುವುದು ಒಡಿಸ್ಯೂಸನ ಆಸ್ತಿಯಿಂದ. ಯುಮೇಯಸನ ಹಂದಿದೊಡ್ಡಿಯನ್ನೇ ನೋಡಿ: 12 ಗೂಡು, ಗೂಡಿಗೆ 50 ಹೆಣ್ಣುಹಂದಿ, ಅಂದರೆ 600. ಗಂಡುಹಂದಿ ಉಳಿದಿರುವುದು 360 ಮಾತ್ರ, ಏಕೆಂದರೆ ಕೊಬ್ಬಿದ್ದನ್ನು ಆರಿಸಿ ಆರಿಸಿ ಅರಮನೆಗೆ ಕಳಿಸಬೇಕು. ಮರಿ ಹಾಕುವ ಹೆಣ್ಣನ್ನು ಉಳಿಸಿಕೊಂಡು ಗಂಡನ್ನು ಕೊಡುತ್ತಿರುವ ಆಳಿನ ಜಾಣ್ಮೆ ಈ ಎರಡು ಸಂಖ್ಯೆಗಳಲ್ಲೇ ಕಾಣುತ್ತದೆ. ಯಜಮಾನ ಬಂದಾನೆಂದು ನಂಬಿ ಬೇಸಾಯ ಮಾಡುವವನ ಲೆಕ್ಕ ಅದು. ಈ ಯುಮೇಯಸ್ ಹುಟ್ಟಿನಿಂದ ಆಳಲ್ಲ, ಒಬ್ಬ ದೊರೆಯ ಮಗ. ಚಿಕ್ಕವನಿದ್ದಾಗ ಫಿನಿಷಿಯನ್ ವರ್ತಕರು ಕದ್ದು ತಂದರು, ಲೆಯರ್ಟಿಸ್ ಕೊಂಡ. ಆಂಟಿಕ್ಲಿಯಾ ಅವನನ್ನು ಕ್ಟಿಮೆನಿಯ ಜೊತೆಯಲ್ಲೇ ಸಾಕಿದಳು. ಅಣ್ಣತಮ್ಮಂದಿರಿಲ್ಲದ ಮನೆಗೆ ತಮ್ಮನಂತೆ ಒದಗಿದವನು ಇವನು.

ಇನ್ನು ಮಗ್ಗ. ಮಾವ ಲೆಯರ್ಟಿಸನಿಗೆ ಹೆಣದ ಮೇಲೆ ಹೊದಿಸುವ ಬಟ್ಟೆ ನೇಯಬೇಕು, ಅದು ಮುಗಿದ ಮೇಲೆ ಮದುವೆ ಎಂದು ಪೆನೆಲೊಪಿ ಹೇಳಿದಳು. 108 ಮಂದಿಯಲ್ಲಿ ಒಬ್ಬರೂ ಎದುರಾಡಲಿಲ್ಲ. ಆಗಲೂ ಆ ಮುದುಕನ ಒಬ್ಬನೇ ಮಗ ಕಾಣೆ. ಅಷ್ಟು ಆಸ್ತಿ ಮಾಡಿದವನು ಹೊದಿಕೆಯಿಲ್ಲದೆ ಹೋದರೆ ಊರ ಹೆಂಗಸರು ನನ್ನನ್ನು ಆಡಿಕೊಳ್ಳುತ್ತಾರೆ ಎಂಬ ಅವಳ ಮಾತಿಗೆ ಯಾರ ಬಳಿಯೂ ಉತ್ತರವಿಲ್ಲ. ಮನೆಯಲ್ಲಿ ಬೇರೆ ಸೊಸೆಯಂದಿರು ಇದ್ದಿದ್ದರೆ ಈ ಉಪಾಯ ಹೂಡಲಾಗುತ್ತಿರಲಿಲ್ಲ. ಆ ಕೆಲಸವನ್ನು ಅವರು ಮಾಡಲಿ ಎಂದುಬಿಡುತ್ತಿದ್ದರು.

ಆಗಿನ ಗ್ರೀಕ್ ಮಗ್ಗ ನಮ್ಮ ಗುಂಡಿಮಗ್ಗದ ಹಾಗಲ್ಲ, ನಿಂತ ಮಗ್ಗ. ಎರಡು ನಿಲುವುಗಂಬಗಳು ಗೋಡೆಗೆ ತುಸು ಓರೆಯಾಗಿ ಒರಗಿರುತ್ತವೆ, ಮೇಲೆ ಅಡ್ಡದಿಂಡು. ಅದರಿಂದ ಹಾಸಿನ ನೂಲು ಇಳಿಬಿಟ್ಟು, ಬಿಗಿಯಾಗಿ ನಿಲ್ಲಲೆಂದು ತುದಿಗಳನ್ನು ಗೊಂಚಲು ಮಾಡಿ ಸುಟ್ಟಮಣ್ಣಿನ ಗುಂಡುಗಳನ್ನು ಕಟ್ಟುತ್ತಾರೆ. ಅಗೆದಲ್ಲೆಲ್ಲ ಇಂಥ ಗುಂಡುಗಳು ಸಾಲಾಗಿ ಸಿಕ್ಕಿವೆ. ನೇಯ್ಗೆ ಶುರುವಾಗುವುದು ಮೇಲಿನಿಂದ. ಹೊಕ್ಕಿನ ಎಳೆಯನ್ನು ಮೇಲ್ಮುಖವಾಗಿ ಬಡಿದು ಕೂರಿಸಬೇಕು. ಅಗಲದ ಬಟ್ಟೆಯಾದರೆ ನೇಯುವವಳು ಕೂರುವ ಹಾಗಿಲ್ಲ, ಈ ಅಂಚಿನಿಂದ ಆ ಅಂಚಿಗೆ ದಿನವಿಡೀ ನಡೆದಾಡಬೇಕು.

ಬಿಚ್ಚುವುದು ನೇಯುವುದಕ್ಕಿಂತ ಸುಲಭವೇನಲ್ಲ. ಕೊನೆಗೆ ಹಾಕಿದ ಎಳೆಯನ್ನು ಮೊದಲು ತೆಗೆಯಬೇಕು, ಅದೇ ಕ್ರಮದಲ್ಲಿ ಹಿಂದಕ್ಕೆ ಬರಬೇಕು. ಅವಸರದಲ್ಲಿ ಚೂರಿ ಹಾಕಿದರೆ ಹಾಸು ತುಂಡಾದೀತು, ತುಂಡಾದದ್ದು ಗಂಟಾಗಿ ಬೆಳಿಗ್ಗೆ ಕಣ್ಣಿಗೆ ಬೀಳುತ್ತದೆ. ಉಣ್ಣೆ ಪದೇ ಪದೇ ಉಜ್ಜಿದರೆ ಎಳೆ ಜುಂಗಾಗುತ್ತದೆ, ಪಕ್ಕದ ಎಳೆಗೆ ಅಂಟಿಕೊಳ್ಳುತ್ತದೆ. ಇದನ್ನೆಲ್ಲ ಅವಳು ರಾತ್ರಿ ಪಂಜಿನ ಬೆಳಕಿನಲ್ಲಿ ಮಾಡಿದಳು, ಮೂರು ವರ್ಷ. ಬಟ್ಟೆ ಬೆಳೆಯುತ್ತಿಲ್ಲವೆಂದು ಗಂಡಸರಿಗೆ ಅನುಮಾನವೇ ಬರಲಿಲ್ಲ. ನೂಲಿನ ಕೆಲಸ ಬಲ್ಲ ಕಣ್ಣಿಗೆ ಮಾತ್ರ ಅದು ಕಾಣುತ್ತಿತ್ತು. ನಾಲ್ಕನೇ ವರ್ಷ ಗುಟ್ಟು ಹೊರಗೆ ಹೋದದ್ದೂ ಮನೆಯ ಕೆಲಸದವಳಿಂದಲೇ. ಬಲವಂತಕ್ಕೆ ಬಟ್ಟೆ ಮುಗಿಯಿತು.

ಹೊರಗೆ ಅಲೆಯುತ್ತಿದ್ದ ಗಂಡನ ಕಡೆಯ ಒಂದು ಪ್ರಸಂಗವನ್ನಾದರೂ ಹೇಳಲೇಬೇಕು, ಮನೆಯ ಗೋಳಿಗೆ ಅದೇ ಮೂಲ. ಒಂಟಿಕಣ್ಣಿನ ರಾಕ್ಷಸ ಪಾಲಿಫೀಮಸನ ಗುಹೆಯಲ್ಲಿ ಎರಡೆರಡರಂತೆ ಆರು ಸಂಗಾತಿಗಳು ಆಹಾರವಾದ ಮೇಲೆ ಒಡಿಸ್ಯೂಸ್ ಅವನಿಗೆ ಮದ್ಯ ಕುಡಿಸಿದ. ಒಂದು ಬಟ್ಟಲಿಗೆ 20 ಅಳತೆ ನೀರು ಬೆರೆಸಿ ಕುಡಿಯಬೇಕಾದಷ್ಟು ಗಡುಸಾದ ಮದ್ಯ ಅದು. ರಾಕ್ಷಸ ನೀರು ಬೆರೆಸದೆ ಮೂರು ಬಾರಿ ಕುಡಿದ, ಉರುಳಿದ, ಕಣ್ಣು ಕಳೆದುಕೊಂಡ. (ಬೆರೆಸದ ಮದ್ಯ ಕುಡಿಸಿ ತಪ್ಪಿಸಿಕೊಳ್ಳುವ ಇದೇ ತಂತ್ರ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿದೆ. ಅಲ್ಲಿ ಮೋಸಹೋಗುವವನು ಭಾರತದ ಕರಾವಳಿಯ ದೊರೆ. ಅವನ ಕಡೆಯವರ ಮಾತುಗಳಲ್ಲಿ ಕನ್ನಡವಿದೆ ಎಂದು ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ವಾದಿಸಿದ್ದರು. ಒಪ್ಪದ ವಿದ್ವಾಂಸರೂ ಇದ್ದಾರೆ.) ಗುಹೆಯೊಳಗೆ ತನ್ನ ಹೆಸರು ‘ಯಾರೂ ಅಲ್ಲ’ ಎಂದು ಹೇಳಿ ಬದುಕಿದವನು, ಹಡಗು ಹತ್ತಿದ ಮೇಲೆ ತಡೆದುಕೊಳ್ಳಲಾರದೆ ಕೂಗಿದ: ನಿನ್ನ ಕಣ್ಣು ಕಿತ್ತವನು ಒಡಿಸ್ಯೂಸ್, ಲೆಯರ್ಟಿಸನ ಮಗ, ಮನೆ ಇಥಾಕಾದಲ್ಲಿ. ಪಾಲಿಫೀಮಸ್ ತನ್ನ ತಂದೆ, ಕಡಲ ದೇವರು ಪೊಸೈಡನನಿಗೆ ಶಾಪದ ಮೊರೆಯಿಟ್ಟಾಗ ಅದೇ ಮೂರು ವಿವರಗಳನ್ನು ಚಾಚೂ ತಪ್ಪದೆ ಹೇಳಿದ. ತಂದೆಯ ಹೆಸರು, ಊರು ಎರಡನ್ನೂ ಇವನೇ ಒಪ್ಪಿಸಿದ್ದರಿಂದ ಶಾಪ ವಿಳಾಸ ತಪ್ಪಲಿಲ್ಲ: ತಡವಾಗಿ ಬರಲಿ, ಸಂಗಾತಿಗಳನ್ನೆಲ್ಲ ಕಳೆದುಕೊಂಡು ಪರರ ಹಡಗಿನಲ್ಲಿ ಬರಲಿ, ಮನೆಯಲ್ಲೂ ಸಂಕಟ ಕಾಣಲಿ. ಹಾಗೆಯೇ ಆಯಿತು. ಸತ್ತವರ ಲೋಕದಲ್ಲಿ ಅವನು ತಾಯಿಯನ್ನೂ ಕಂಡ. ಅವಳನ್ನು ಕೊಂದದ್ದು ಕಾಯಿಲೆಯಲ್ಲ, ಇವನ ಹಂಬಲ. ಮೂರು ಸಲ ಅಪ್ಪಿಕೊಳ್ಳಲು ಹೋದ, ಮೂರು ಸಲವೂ ನೆರಳಿನಂತೆ ಜಾರಿದಳು.

ಈ ನಡುವೆ ಉಮೇದುವಾರರಿಗೂ ವಂಶದ ಲೆಕ್ಕ ಹೊಳೆದಿತ್ತು. ಪೈಲಾಸ್‌ನಿಂದ ಮರಳುವ ಟೆಲಿಮ್ಯಾಕಸನನ್ನು ಕೊಲ್ಲಲು ಅವರ ಮುಖಂಡ ಆಂಟಿನೊಸ್ 20 ಜನರ ಹಡಗು ಕಟ್ಟಿಕೊಂಡು ಆಸ್ಟೆರಿಸ್ ಎಂಬ ಪುಟ್ಟ ದ್ವೀಪದ ಮರೆಯಲ್ಲಿ ಕಾದ. ಒಂದು ಈಟಿ ತಾಕಿದ್ದರೆ ಆ ಮನೆಗೆ ವಾರಸುದಾರನೇ ಇಲ್ಲ. ದೇವತೆ ಅಥೀನಾ ಬೇರೆ ದಾರಿ ಹಿಡಿಸಿದ್ದರಿಂದ ಹುಡುಗ ಉಳಿದ.

ಕೊನೆಗೆ ಪೆನೆಲೊಪಿ ಪಂದ್ಯ ಹೂಡಿದಳು: ಒಡಿಸ್ಯೂಸನ ಬಿಲ್ಲಿಗೆ ಹೆದೆ ಏರಿಸಿ 12 ಕೊಡಲಿಗಳ ಮೂಲಕ ಬಾಣ ಹಾಯಿಸಿದವನೇ ನನ್ನ ಗಂಡ. ಈ ಬಿಲ್ಲಿನ ಪಂದ್ಯದ ಪ್ರತಿ ಹಂತವನ್ನೂ ಹೋಮರ್ ಹೇಳಿದ್ದಾನೆ. ಹುಡುಗನಾಗಿದ್ದಾಗ ಮೆಸ್ಸೀನಿಯಾದವರು ಕದ್ದ 300 ಕುರಿಗಳ ಬಾಕಿ ವಸೂಲಿಗೆ ಹೋದ ಒಡಿಸ್ಯೂಸನಿಗೆ ಇಫಿಟಸ್ ಎಂಬ ಗೆಳೆಯ ಕೊಟ್ಟ ಬಿಲ್ಲು ಅದು. ಟ್ರಾಯ್‌ಗೆ ಒಯ್ಯದೆ ಮನೆಯಲ್ಲೇ ಇಟ್ಟಿದ್ದ. ಟೆಲಿಮ್ಯಾಕಸ್ ಒಂದೇ ಉದ್ದನೆಯ ಗುಣಿ ತೋಡಿ, ದಾರ ಹಿಡಿದು ನೇರ ನೋಡಿ, 12 ಕೊಡಲಿಗಳನ್ನು ನಿಲ್ಲಿಸಿ ಸುತ್ತ ಮಣ್ಣು ತುಳಿದು ಗಟ್ಟಿಮಾಡಿದ. ಬಾಣ ಯಾವ ತೂತಿನಲ್ಲಿ ಹಾಯಬೇಕಿತ್ತು ಎಂಬುದು ಹಳೆಯ ಜಗಳ: ಕೆಲವರು ಕಾವಿಲ್ಲದ ಕೊಡಲಿಯ ಕಣ್ಣು ಎನ್ನುತ್ತಾರೆ, ಕೆಲವರು ಕಾವಿನ ತುದಿಯ ಬಳೆ ಎನ್ನುತ್ತಾರೆ. ಒಡಿಸ್ಯೂಸ್ ಪೀಠದ ಮೇಲೆ ಕೂತೇ ಬಾಣ ಬಿಟ್ಟನೆಂದು ಕವಿ ಹೇಳಿರುವುದರಿಂದ ತೂತು ನೆಲದಿಂದ ಬಹಳ ಎತ್ತರದಲ್ಲಿ ಇದ್ದಿರಲಾರದು. ಕೊಡಲಿಯ ಕಣ್ಣೇ ಹೆಚ್ಚು ಹೊಂದುತ್ತದೆ.

ಹೆದೆ ಏರಿಸುವುದರಲ್ಲೇ ಪ್ರಯತ್ನಿಸಿದವರೆಲ್ಲ ಸೋತರು. ಕೊಂಬು ಸೇರಿಸಿ ಕಟ್ಟಿದ ಬಿಲ್ಲು ವರ್ಷಗಟ್ಟಲೆ ಮೂಲೆಯಲ್ಲಿದ್ದರೆ ಬಿರುಸಾಗುತ್ತದೆ. ಅದಕ್ಕೇ ಆಂಟಿನೊಸ್ ಬೆಂಕಿ ಹಾಕಿಸಿ, ದೊಡ್ಡ ಕೊಬ್ಬಿನ ಉಂಡೆ ತರಿಸಿ, ಬಿಸಿಮಾಡಿ ಸವರಲು ಹೇಳಿದ. ಉಪಾಯ ಸರಿ, ಫಲ ಬರಲಿಲ್ಲ. ಟೆಲಿಮ್ಯಾಕಸ್ ಮೂರು ಸಲ ಎಳೆದು ಸೋತ. ನಾಲ್ಕನೆಯ ಸಲ ಏರಿಸಿಯೇ ಬಿಡುತ್ತಿದ್ದ, ಅಪ್ಪ ಕಣ್ಣಿನಲ್ಲೇ ಬೇಡವೆಂದ. ಆ ಸನ್ನೆಗೆ ಹುಡುಗ ಬಿಲ್ಲನ್ನು ಕೆಳಗಿಟ್ಟ. ಅಪ್ಪ ಮಗ ಎಂಬ ಸಂಬಂಧ ಬೆಸೆದುಕೊಂಡದ್ದು ಅಪ್ಪಿಕೊಂಡು ಅತ್ತಾಗಲ್ಲ, ಇಲ್ಲಿ ಎಂದು ನನ್ನ ಅನಿಸಿಕೆ. ಒಡಿಸ್ಯೂಸ್ ಬಿಲ್ಲು ಕೈಗೆ ಬಂದ ಕೂಡಲೇ ಎಳೆಯಲಿಲ್ಲ. ತಿರುವಿ ತಿರುವಿ ನೋಡಿದ, ತಾನಿಲ್ಲದಾಗ ಕೊಂಬನ್ನು ಹುಳ ತಿಂದಿದೆಯೇ ಎಂದು. ಆಮೇಲೆ ಹಾಡುಗಾರ ವಾದ್ಯಕ್ಕೆ ಹೊಸ ತಂತಿ ಬಿಗಿಯುವಷ್ಟೇ ಸಲೀಸಾಗಿ ಹೆದೆ ಏರಿಸಿ ಮೀಟಿದ.

ಕಾಳಗದಲ್ಲಿ ಇವರು ನಾಲ್ವರು: ಅಪ್ಪ, ಮಗ, ಯುಮೇಯಸ್, ದನ ಕಾಯುವ ಫಿಲೀಶಿಯಸ್. ಅರ್ಧ ಗೆದ್ದಾಗ ಅನಾಹುತವಾಯಿತು. ಆಯುಧದ ಕೋಣೆಯಿಂದ ಉಮೇದುವಾರರ ಕಡೆ ಸೇರಿದ್ದ ಮೇಕೆ ಕಾಯುವ ಮೆಲಾಂಥಿಯಸ್ 12 ಗುರಾಣಿ, 12 ಈಟಿ, 12 ಶಿರಸ್ತ್ರಾಣ ಹೊತ್ತು ತಂದು ಅವರಿಗೆ ಹಂಚಿದ. ಯಾರು ದ್ರೋಹ ಮಾಡಿದರು ಎಂದು ಒಡಿಸ್ಯೂಸ್ ಕಂಗಾಲಾದಾಗ ಟೆಲಿಮ್ಯಾಕಸ್ ಹೇಳುತ್ತಾನೆ: ಅಪ್ಪಾ, ತಪ್ಪು ನನ್ನದೇ, ಬಾಗಿಲು ತೆರೆದೇ ಬಿಟ್ಟುಬಂದೆ. ಬೇರೆಯವರ ಮೇಲೆ ಹೊರಿಸಲು ಎಷ್ಟೋ ದಾರಿಯಿತ್ತು, ಅವನು ಹೊರಿಸಲಿಲ್ಲ. ಕಾಳಗದ ನಂತರ ನಡೆದದ್ದನ್ನು ಓದುವುದು ಕಷ್ಟ. ಮನೆಯ 50 ಕೆಲಸದ ಹೆಂಗಸರಲ್ಲಿ ಉಮೇದುವಾರರ ಜೊತೆ ಮಲಗಿದ್ದ 12 ಮಂದಿಯಿಂದ ಹೆಣ ಹೊರಿಸಿ, ನೆಲ ತೊಳೆಸಿ, ಕೊನೆಗೆ ಹಡಗಿನ ಹಗ್ಗಕ್ಕೆ ಸಾಲಾಗಿ ನೇಣು ಹಾಕಿದರು. ಕತ್ತಿಯಿಂದ ಕೊಲ್ಲು ಎಂದು ಅಪ್ಪ ಹೇಳಿದ್ದ. ಅಂಥ ಗೌರವದ ಸಾವು ಬೇಡವೆಂದು ನೇಣು ಆರಿಸಿದವನು ಮಗ. ಅವರಿಗೆ ಒಲ್ಲೆ ಎನ್ನುವ ಅಧಿಕಾರವಿತ್ತೇ ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ.

ಪೆನೆಲೊಪಿ ಇಷ್ಟಾದರೂ ನಂಬಲಿಲ್ಲ. ಯೂರಿಕ್ಲಿಯಾ ಕಾಲು ತೊಳೆಯುವಾಗ ಕಲೆ ಮುಟ್ಟಿ ಗುರುತಿಸಿದ್ದಳು, ಹಳೆಯ ನಾಯಿ ಆರ್ಗಸ್ ತಿಪ್ಪೆಯ ಮೇಲೆ ಬಾಲ ಅಲ್ಲಾಡಿಸಿ ಪ್ರಾಣ ಬಿಟ್ಟಿತ್ತು. ಹೆಂಡತಿಗೆ ಇಬ್ಬರಿಗೇ ಗೊತ್ತಿರುವ ಸಾಕ್ಷಿ ಬೇಕಿತ್ತು. ಅವನು ಕಟ್ಟಿದ ಮಂಚವನ್ನು ಹೊರಗೆ ತಂದು ಹಾಸಿಗೆ ಹಾಸು ಎಂದು ಅವಳು ದಾದಿಗೆ ಹೇಳಿದಳು. ಒಡಿಸ್ಯೂಸ್ ರೇಗಿದ. ಆ ಸಿಟ್ಟಿನಲ್ಲಿ ಬಂದದ್ದು ಒಬ್ಬ ಬಡಗಿಯ ಮಾತು: ಅಂಗಳದಲ್ಲಿ ಕಂಬದಷ್ಟು ದಪ್ಪದ ಆಲಿವ್ ಮರವಿತ್ತು, ಅದರ ಸುತ್ತ ಕಲ್ಲು ಒತ್ತಾಗಿ ಜೋಡಿಸಿ ಕೋಣೆ ಕಟ್ಟಿದೆ, ಮಾಡು ಹೊದಿಸಿದೆ, ಬಾಗಿಲು ಕೂರಿಸಿದೆ, ಆಮೇಲೆ ಮರದ ತಲೆ ಕಡಿದು, ಬೇರಿನಿಂದ ಮೇಲಕ್ಕೆ ಕಾಂಡ ಕೆತ್ತಿ, ನೂಲು ಹಿಡಿದು ನೇರ ಮಾಡಿ ಮಂಚದ ಕಾಲು ಮಾಡಿದೆ, ಬೈರಿಗೆಯಿಂದ ತೂತು ಕೊರೆದೆ, ಉಳಿದದ್ದನ್ನೆಲ್ಲ ಅದರಿಂದಲೇ ಶುರುಮಾಡಿ ಕಟ್ಟಿದೆ, ಚಿನ್ನ, ಬೆಳ್ಳಿ, ದಂತ ಕೂರಿಸಿ, ಕೆಂಪು ಬಣ್ಣದ ಎತ್ತಿನ ಚರ್ಮದ ಪಟ್ಟಿ ಬಿಗಿದೆ. ಈಗ ಯಾರಾದರೂ ಬುಡ ಕಡಿದು ಅದನ್ನು ಸರಿಸಿದರೋ? ಇಲ್ಲಿ ಕ್ರಮ ಮುಖ್ಯ. ಮರ ಮೊದಲು, ಕೋಣೆ ಆಮೇಲೆ, ಮಂಚ ಕೊನೆಗೆ. ಮಂಚ ಮೊದಲು ಮಾಡಿದ್ದರೆ ಗೋಡೆಯ ಕೆಲಸದಲ್ಲಿ ಹಾಳಾಗುತ್ತಿತ್ತು. ಇಷ್ಟು ಕೇಳಿ ಪೆನೆಲೊಪಿಯ ಮೊಣಕಾಲು ಕುಸಿದವು.

ಮರುದಿನ ಅವನು ತೋಟಕ್ಕೆ ಹೋದ. ಅಲ್ಲಿ ಲೆಯರ್ಟಿಸ್ ಒಬ್ಬನೇ ಗಿಡದ ಬುಡ ಕೆದಕುತ್ತಿದ್ದ: ತೇಪೆ ಹಾಕಿದ ಅಂಗಿ, ಗೀರದಿರಲೆಂದು ಮೊಣಕಾಲ ಕೆಳಗೆ ಎತ್ತಿನ ಚರ್ಮ, ಮುಳ್ಳಿಗೆ ಕೈಗವಸು, ತಲೆಗೆ ಮೇಕೆಚರ್ಮದ ಟೋಪಿ. ಚಳಿಗಾಲದಲ್ಲಿ ಆಳುಗಳ ಜೊತೆ ಒಲೆಯ ಬೂದಿಯಲ್ಲಿ, ಬೇಸಗೆಯಲ್ಲಿ ಉದುರಿದ ಎಲೆಯ ಮೇಲೆ ಮಲಗುವವನು. ಒಡಿಸ್ಯೂಸ್ ಅವನಿಗೂ ಮೊದಲು ಸುಳ್ಳು ಹೇಳಿದ, ಮುದುಕ ಮಣ್ಣು ಬಾಚಿ ತಲೆಗೆ ಸುರಿದುಕೊಂಡಾಗ ತಾಳಲಾರದೆ ನಿಜ ಹೇಳಿದ. ಗುರುತು ಕೇಳಿದಾಗ ಕಾಲಿನ ಕಲೆ ತೋರಿಸಿದ, ಆಮೇಲೆ ಮರಗಳನ್ನು ಎಣಿಸಿದ. ಚಿಕ್ಕವನಿದ್ದಾಗ ನಿನ್ನ ಹಿಂದೆ ಈ ತೋಟದಲ್ಲಿ ಓಡಾಡುತ್ತ ಒಂದೊಂದನ್ನೂ ಕೇಳುತ್ತಿದ್ದೆ, ನೀನು ಹೆಸರು ಹೇಳುತ್ತಿದ್ದೆ. ನನಗೆಂದು ಕೊಟ್ಟೆ 13 ಪೇರ್, 10 ಸೇಬು, 40 ಅಂಜೂರ. ಒಂದಾದ ಮೇಲೊಂದರಂತೆ ಹಣ್ಣಾಗುವ 50 ಸಾಲು ದ್ರಾಕ್ಷಿ ಕೊಡುತ್ತೇನೆಂದೂ ಹೇಳಿದ್ದೆ. ಭಾಗ ಕೇಳುವ ಅಣ್ಣತಮ್ಮಂದಿರಿಲ್ಲದ ಮನೆಯಲ್ಲೂ ಅಪ್ಪ ಇದು ನಿನ್ನದು ಎಂದು ಎಣಿಸಿ ಕೊಟ್ಟಿದ್ದ. ಎಲ್ಲವೂ ಅವನದೇ ಆಗಲಿದ್ದರೂ.

ಸತ್ತವರ ಬಂಧುಗಳು ಆಯುಧ ಹಿಡಿದು ಬಂದರು. ಅಜ್ಜ, ಮಗ, ಮೊಮ್ಮಗ ಮೂವರೂ ಒಂದೇ ಸಾಲಿನಲ್ಲಿ ನಿಂತರು. ಮಗನೂ ಮೊಮ್ಮಗನೂ ಶೌರ್ಯಕ್ಕೆ ಪೈಪೋಟಿ ಮಾಡುತ್ತಿದ್ದಾರೆ, ಎಂಥ ದಿನ ಇದು ಎಂದು ಹಿಗ್ಗಿದ ಲೆಯರ್ಟಿಸ್ ಎಸೆದ ಈಟಿಗೆ ಆಂಟಿನೊಸನ ಅಪ್ಪ ಯೂಪೈಥಿಸ್ ಬಿದ್ದ. ಆ ವಂಶದ ಗಂಡಸರೆಲ್ಲ ಒಟ್ಟಿಗೆ ನಿಂತದ್ದು ಕಾವ್ಯದಲ್ಲಿ ಇದೊಂದೇ ಸಲ; ಒಟ್ಟು ಮೂವರು. ಅಥೀನಾ ಅಲ್ಲಿಗೆ ಕಾಳಗ ನಿಲ್ಲಿಸಿ ರಾಜಿ ಮಾಡಿಸಿದಳು.

ಹೋಮರನ ನಂತರದವರು ಈ ಒಂಟಿ ಎಳೆಯನ್ನು ಒಪ್ಪಲಿಲ್ಲ. ಹೆಸಿಯಡನ ಹೆಸರಿನ ದೇವವಂಶಾವಳಿಯ ಕೊನೆಯಲ್ಲಿ ಅಲೆದಾಟದಲ್ಲಿ ಸಿಕ್ಕ ಮಾಟಗಾತಿ ಸರ್ಸಿಯಿಂದಲೂ ಅಪ್ಸರೆ ಕಲಿಪ್ಸೊಳಿಂದಲೂ ಒಡಿಸ್ಯೂಸನಿಗೆ ಮಕ್ಕಳಿದ್ದಾರೆ. ಸೈರೀನಿಯ ಯೂಗಮ್ಮನ್ ರಚಿಸಿದ, ಈಗ ಸಾರಾಂಶ ಮಾತ್ರ ಉಳಿದಿರುವ ಕಾವ್ಯದಲ್ಲಿ ಸರ್ಸಿಯ ಮಗ ಟೆಲಿಗೊನಸ್ ಅಪ್ಪನನ್ನು ಹುಡುಕುತ್ತ ಇಥಾಕಾಕ್ಕೆ ಬಂದಿಳಿದು, ಯಾರೆಂದು ತಿಳಿಯದೆ ಒಡಿಸ್ಯೂಸನನ್ನೇ ಕೊಲ್ಲುತ್ತಾನೆ. ಅವನ ಈಟಿಯ ಮೊನೆ ತೊರಕೆ ಮೀನಿನ ಮುಳ್ಳು ಎಂದು ಇತರ ಹಳೆಯ ಪಾಠಗಳು ಹೇಳುತ್ತವೆ. ನಿನ್ನ ಸಾವು ಕಡಲಿನಿಂದ ಬರುತ್ತದೆ ಎಂದು ಸತ್ತವರ ಲೋಕದಲ್ಲಿ ಕಾಲಜ್ಞಾನಿ ಟೈರೀಸಿಯಸ್ ನುಡಿದ ಭವಿಷ್ಯ ಹೀಗೆ ಫಲಿಸಿತು. ಬಭ್ರುವಾಹನನ ಕೈಯಲ್ಲಿ ಅರ್ಜುನ ಬಿದ್ದದ್ದನ್ನು ಬಲ್ಲ ನಮ್ಮ ಓದುಗರಿಗೆ ಈ ಜಾಡು ಹೊಸದಲ್ಲ. ಇಲ್ಲಿ ಮಾತ್ರ ಸತ್ತವನು ಮತ್ತೆ ಏಳುವುದಿಲ್ಲ. ಮುಂದೆ ಟೆಲಿಗೊನಸ್ ಪೆನೆಲೊಪಿಯನ್ನೂ ಟೆಲಿಮ್ಯಾಕಸ್ ಸರ್ಸಿಯನ್ನೂ ಮದುವೆಯಾದರಂತೆ. ಈ ಮುಕ್ತಾಯವನ್ನು ಇಷ್ಟಪಡುವುದು ಕಷ್ಟ. ಆದರೂ ಒಂದನ್ನು ಅದು ಸರಿಯಾಗಿ ಕಂಡುಕೊಂಡಿದೆ: ಟೆಲಿಮ್ಯಾಕಸನಿಗೆ ತಮ್ಮನೊಬ್ಬ ಸಿಕ್ಕ ದಿನವೇ ಅಪ್ಪ ಇಲ್ಲವಾದ.

ಸಂತತಿಯೆಂದು ಹೇಳಿಕೊಂಡವರು ಚರಿತ್ರೆಯಲ್ಲೂ ಇದ್ದರು. ಅಥೆನ್ಸಿನ ವಾಗ್ಮಿ ಆಂಡೊಸಿಡಿಸನನ್ನು ಇತಿಹಾಸಕಾರ ಹೆಲ್ಲಾನಿಕಸ್ ಒಡಿಸ್ಯೂಸನ ಕುಲದವರಲ್ಲಿ ಎಣಿಸಿದ್ದನೆಂದು ಪ್ಲುಟಾರ್ಕ್ ಬರೆಯುತ್ತಾನೆ. ರೋಮಿನ ಹತ್ತಿರದ ಟಸ್ಕ್ಯುಲಮ್ ಊರನ್ನು ಕಟ್ಟಿದವನು ಟೆಲಿಗೊನಸ್ ಎಂಬ ನಂಬಿಕೆಯಿತ್ತು. ಅಲ್ಲಿಂದ ಬಂದ ಮಾಮಿಲಿಯಸ್ ಮನೆತನದವರು ತಾವು ಅವನ ವಂಶಸ್ಥರೆಂದರು. ಕ್ರಿ.ಪೂ. 82ರಲ್ಲಿ ಆ ಮನೆತನದ ಗಾಯಸ್ ಮಾಮಿಲಿಯಸ್ ಲಿಮೆಟಾನಸ್ ಅಚ್ಚು ಹಾಕಿಸಿದ ಬೆಳ್ಳಿಯ ಡಿನೇರಿಯಸ್ ನಾಣ್ಯದ ಒಂದು ಮುಖದಲ್ಲಿ ಮರ್ಕ್ಯುರಿ, ಅಂದರೆ ಒಡಿಸ್ಯೂಸನ ತಾಯಿಯ ಅಜ್ಜ ಹರ್ಮಿಸ್. ಇನ್ನೊಂದು ಮುಖದಲ್ಲಿ ಕೋಲೂರಿಕೊಂಡು ಬಂದ ಒಡಿಸ್ಯೂಸ್, ಎದುರಿಗೆ ನಾಯಿ. ಹಕ್ಕು ಸಾಧಿಸಿದ್ದು ಅಪ್ಪನನ್ನು ಕೊಂದ ಮಗನ ಮೂಲಕ. ನಾಣ್ಯಕ್ಕೆ ಆರಿಸಿಕೊಂಡದ್ದು ಅವನು ಮನೆಗೆ ಬಂದ ದಿನವನ್ನು.